ಲಾಭಕ್ಕಾಗಿ ಜೈಲು ನಡೆಸಲು ಖಾಸಗಿ ಕಂಪನಿಗಳಿಗೆ ಬಿಡಬಹುದೇ?

ಬಿಡಬಾರದು. ಕಾರಣ ಕರಾರಿನ ಲೆಕ್ಕದಲ್ಲೇ ಇದೆ.

ಈ ವ್ಯವಹಾರ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಈಗಿನ ಕೋರ್‌ಸಿವಿಕ್ ಕಂಪನಿ ಅಲ್ಲಿ 1983ರಲ್ಲಿ ಶುರುವಾಯಿತು. ಸರ್ಕಾರ ಸಾಮಾನ್ಯವಾಗಿ ಒಬ್ಬ ಕೈದಿಗೆ ದಿನಕ್ಕೆ ಇಷ್ಟು ಅಂತ ಹಣ ಕೊಡುತ್ತದೆ. ಹಾಗಾಗಿ ಹಾಸಿಗೆ ಖಾಲಿಯಾದರೆ ಕಂಪನಿಗೆ ನಷ್ಟ. ಅದಕ್ಕೇ ಎಷ್ಟೋ ಕರಾರುಗಳಲ್ಲಿ ಶೇ. 80ರಿಂದ 100ರಷ್ಟು ಭರ್ತಿಯ ಖಾತರಿ ಬರೆಸಿಕೊಳ್ಳುತ್ತಾರೆ. ಅರಿಜೋನಾದ ಕೆಲವು ಜೈಲುಗಳಲ್ಲಿ ಅದು ಪೂರ್ತಿ ಶೇ. 100 ಇತ್ತು. ಅಪರಾಧ ಇಳಿದು ಕೈದಿಗಳು ಕಡಿಮೆಯಾದರೂ ಜನರ ತೆರಿಗೆ ಖಾಲಿ ಹಾಸಿಗೆಗೆ ಹೋಗುತ್ತದೆ. ಇದು ನಿಜಕ್ಕೂ ಅನ್ಯಾಯ.

‘ಖರ್ಚು ಉಳಿಯುತ್ತದಲ್ಲ’ ಎನ್ನುವವರಿದ್ದಾರೆ. ಜೈಲಿನ ಖರ್ಚಿನಲ್ಲಿ ದೊಡ್ಡ ಪಾಲು ಸಿಬ್ಬಂದಿಯದು, ಉಳಿಸುವುದೂ ಅಲ್ಲಿಂದಲೇ. ಸಂಬಳ ಕಡಿಮೆಯಾದರೆ ಕಾವಲುಗಾರರು ಕೆಲಸ ಬಿಟ್ಟು ಹೋಗುತ್ತಾರೆ, ಅನುಭವವಿಲ್ಲದವರು ಉಳಿಯುತ್ತಾರೆ, ಗಲಾಟೆ ಹೆಚ್ಚುತ್ತದೆ. ಕಾಯಿಲೆಯ, ಅಪಾಯಕಾರಿ ಕೈದಿಗಳನ್ನು ಸರ್ಕಾರಿ ಜೈಲಿಗೇ ಬಿಟ್ಟು ‘ನಮ್ಮದು ಅಗ್ಗ’ ಎಂದು ತೋರಿಸುವುದೂ ಉಂಟು. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿ ಫೆಡರಲ್ ಜೈಲುಗಳನ್ನು ಹೋಲಿಸಿ, ಬಹುತೇಕ ವಿಷಯಗಳಲ್ಲಿ ಖಾಸಗಿ ಕಂಪನಿಗಳು ನಡೆಸುವ ಗುತ್ತಿಗೆ ಜೈಲುಗಳಲ್ಲೇ ಭದ್ರತಾ ಘಟನೆಗಳು ಹೆಚ್ಚು ಎಂದಿತು. 2018ರಲ್ಲಿ ಬ್ರಿಟನ್ ಸರ್ಕಾರ ಬರ್ಮಿಂಗ್‌ಹ್ಯಾಮ್ ಜೈಲನ್ನು ಜಿ4ಎಸ್ ಎಂಬ ಖಾಸಗಿ ಕಂಪನಿಯ ಕೈಯಿಂದ ವಾಪಸ್ ಪಡೆಯಿತು. ಇಸ್ರೇಲ್ ಸುಪ್ರೀಂ ಕೋರ್ಟಂತೂ 2009ರಲ್ಲೇ ಖಾಸಗಿ ಜೈಲಿನ ಕಾನೂನನ್ನು ರದ್ದು ಮಾಡಿತ್ತು.

ಯಾವುದಾದರೂ ಸರ್ಕಾರ ಕೊಟ್ಟೇ ಕೊಡುವುದಾದರೆ ಭರ್ತಿಯ ಖಾತರಿ ಬೇಡ, ಖಾಲಿ ಹುದ್ದೆಗೆ ದಂಡವಿರಲಿ. ನ್ಯೂಜಿಲೆಂಡಿನ ಆಕ್ಲೆಂಡ್ ಸೌತ್ ಜೈಲಿನ ಕರಾರಿನಂತೆ, ಬಿಡುಗಡೆಯಾದವರು ಮತ್ತೆ ಅಪರಾಧ ಮಾಡುವುದು ತಗ್ಗಿದರೆ ಮಾತ್ರ ಹೆಚ್ಚುವರಿ ಹಣ ಸಿಗಲಿ.