ನೀರಂಚಿನ ಮನೆ ಮತ್ತೆ ತೆರೆಯುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾಲ್ಕು ತಿಂಗಳು ಬೀಗ ಹಾಕಿದ್ದ ಕೆರೆಯಂಚಿನ ಮನೆಗೆ ವಸಂತದಲ್ಲಿ ಮರಳುತ್ತಿದ್ದೇವೆ. ಮೊದಲು ನೀರೋ, ಕರೆಂಟೋ?

ಉತ್ತರ: ಮೇನ್ ಸ್ವಿಚ್ ಹಾಕುವುದಕ್ಕೆ ಮುಂಚೆ ಗೀಸರ್ ಮತ್ತು ಪಂಪಿನ ಎಂಸಿಬಿಗಳನ್ನು (ಮೀಟರ್ ಬೋರ್ಡಿನಲ್ಲಿ ಅವಕ್ಕೆಂದೇ ಇರುವ ಸುರಕ್ಷತಾ ಸ್ವಿಚ್ಚುಗಳನ್ನು) ಇಳಿಸಿಡಿ. ಖಾಲಿ ಗೀಸರಿಗೆ ಕರೆಂಟು ಹೋದರೆ ಎಲಿಮೆಂಟ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಿಂದ ಗಾಳಿ ಬೆರೆಯದೆ ನೀರು ಸಣ್ಣಗೆ, ಒಂದೇ ಸಮನೆ ಬರುವವರೆಗೂ ಗೀಸರ್ ಹಾಕಬೇಡಿ.

ನೀರು ಬಿಡುವಾಗಲೂ ವಾಲ್ವನ್ನು ಕಾಲು ಭಾಗವಷ್ಟೇ ತಿರುಗಿಸಿ, ಮನೆಯೆಲ್ಲ ಒಂದು ಸುತ್ತು ಬನ್ನಿ. ನೀರು ಹೆಪ್ಪುಗಟ್ಟಿದರೆ ಗಾತ್ರ ಸುಮಾರು 9% ಹಿಗ್ಗುತ್ತದೆ. ಅಷ್ಟು ಚಳಿ ಬೀಳುವಲ್ಲಿ ಪೈಪಿನಲ್ಲಿ ಉಳಿದ ಒಂದು ಲೋಟ ನೀರು ಸಾಕು, ಎಲ್ಬೋ (ಪೈಪಿನ ತಿರುವಿನ ಜೋಡಣೆ) ಸೀಳಲು. ಸೀಳು ತೋರುವುದು ಮಾತ್ರ ಒತ್ತಡ ಬಿದ್ದಮೇಲೆ.

ತಿಂಗಳುಗಟ್ಟಲೆ ನಿಂತ ನೀರನ್ನು ಕುಡಿಯಲು ಬಳಸಬೇಡಿ. ಟ್ಯಾಂಕ್ ಬರಿದು ಮಾಡಿ ಉಜ್ಜಿ, ಹೊಸ ನೀರು ತುಂಬಿಸಿ. 1000 ಲೀಟರಿಗೆ 5% ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ 1 ಲೀಟರ್ ಲೆಕ್ಕದಲ್ಲಿ ಬೆರೆಸಿ (ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ). ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವಂತೆ ನೀರು ಹರಿಸಿ, ಮುಚ್ಚಿ 12 ಗಂಟೆ ಬಿಡಿ. ಆಮೇಲೆ ಅದನ್ನು ಕೆರೆಗೂ ಸೆಪ್ಟಿಕ್ ಟ್ಯಾಂಕಿಗೂ ಬಿಡಬೇಡಿ: ಒಂದರಲ್ಲಿ ಮೀನು ಸಾಯುತ್ತವೆ, ಇನ್ನೊಂದರಲ್ಲಿ ಮಲ ಕೊಳೆಸುವ ಬ್ಯಾಕ್ಟೀರಿಯಾ. ಕೆರೆಯಿಂದ ದೂರದ ಬರಿಮಣ್ಣಿಗೆ ಸ್ವಲ್ಪಸ್ವಲ್ಪವಾಗಿ ಇಂಗಿಸಿ. ಶವರಿನ ತಲೆ ಬಿಚ್ಚಿ ತೊಳೆದೇ ಹಾಕಿ. 20ರಿಂದ 45 ಡಿಗ್ರಿಯ ನಿಂತ ನೀರು ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹೇಳಿಮಾಡಿಸಿದ ಜಾಗ, ಅದು ದೇಹ ಸೇರುವುದು ಉಸಿರಿನಲ್ಲಿ ಒಳಹೋಗುವ ತುಂತುರಿನಿಂದ. ಗೀಸರನ್ನು 60 ಡಿಗ್ರಿಗೆ ಇಡಿ.

ಪ್ರಶ್ನೆ: ಕೆರೆಯಿಂದ ನೀರೆತ್ತುವ ಪಂಪ್ ಓಡುತ್ತದೆ, ನೀರೇ ಬರುವುದಿಲ್ಲ.

ಉತ್ತರ: ತಕ್ಷಣ ನಿಲ್ಲಿಸಿ. ನೀರಿಲ್ಲದೆ ಓಡಿದರೆ ಮೆಕ್ಯಾನಿಕಲ್ ಸೀಲ್ ಸುಡುತ್ತದೆ. ಮೇಲಿನ ಪ್ಲಗ್ ಬಿಚ್ಚಿ, ಗುಳ್ಳೆ ನಿಲ್ಲುವವರೆಗೆ ನೀರು ಹೊಯ್ದು ಐದು ನಿಮಿಷ ನೋಡಿ. ಮಟ್ಟ ಇಳಿಯುತ್ತಲೇ ಇದ್ದರೆ ಮೊದಲ ಅನುಮಾನ ಫುಟ್ ವಾಲ್ವಿನ (ನೀರೆಳೆಯುವ ಪೈಪಿನ ತುದಿಯಲ್ಲಿದ್ದು ನೀರು ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ) ಮೇಲೆ: ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಇಲ್ಲವೇ ಜೊಂಡಿನ ಚೂರು ಸಿಕ್ಕಿಕೊಂಡಿರುತ್ತದೆ. ಹಾಗೆ ತುಂಬಿಸಿಟ್ಟಾಗ ಯಾವ ಜಾಯಿಂಟ್ ಜಿನುಗುತ್ತದೋ, ಓಡುವಾಗ ಗಾಳಿ ಎಳೆದುಕೊಳ್ಳುವುದೂ ಅದೇ. ಓಡುವಾಗ ಅದು ಹನಿಯುವುದಿಲ್ಲ, ಹಾಗಾಗಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಜೊತೆಗೆ ಕೆರೆಯ ಮಟ್ಟ ನೋಡಿ. ಫುಟ್ ವಾಲ್ವ್ ನೀರಿನ ಮೇಲ್ಮೈಗಿಂತ ಕನಿಷ್ಠ ಒಂದಡಿ ಕೆಳಗಿರಬೇಕು, ಕೆಸರಿಗಿಂತ ಒಂದಡಿ ಮೇಲಿರಬೇಕು. ದಡದ ಮೇಲಿಟ್ಟ ಪಂಪು ಸುಮಾರು 7 ಮೀಟರಿಗಿಂತ ಆಳದಿಂದ ಎಳೆಯಲಾರದು. ಅದು ಪಂಪಿನ ದೋಷವಲ್ಲ, ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುವ ವಾತಾವರಣದ ಒತ್ತಡಕ್ಕೇ ಒಂದು ಮಿತಿಯಿದೆ. ಮೋಟರ್ ಗುಂಯ್‌ಗುಟ್ಟುತ್ತಾ ತಿರುಗದಿದ್ದರೆ ಕರೆಂಟ್ ತೆಗೆದು ಹಿಂದಿನ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ.

ಪ್ರಶ್ನೆ: ಬಚ್ಚಲಿನಲ್ಲಿ ಚರಂಡಿ ವಾಸನೆ. ಪೈಪ್ ಒಡೆದಿದೆಯೇ?

ಉತ್ತರ: ಬಹುಶಃ ಇಲ್ಲ. ಟ್ರ್ಯಾಪಿನ (ನೀರು ನಿಂತು ಚರಂಡಿಯ ವಾಸನೆ ತಡೆಯುವ ಪೈಪಿನ ಬಾಗು) ನೀರು ಆರಿಹೋಗಿದೆ. ಪ್ರತಿ ಮೋರಿಗೂ ಅರ್ಧ ಬಕೆಟ್ ನೀರು ಹೊಯ್ಯಿರಿ. ಮುಂದಿನ ಸಲ ಹೊರಡುವಾಗ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ.

ಪ್ರಶ್ನೆ: ಮನೆಯೆಲ್ಲ ಮುಗ್ಗಲು ವಾಸನೆ. ದಿನವಿಡೀ ಕಿಟಕಿ ತೆರೆದಿಟ್ಟರೆ ನೆಲ ಇನ್ನಷ್ಟು ಒದ್ದೆ! ಬಾಗಿಲುಗಳೂ ಹಿಡಿಯುತ್ತಿವೆ.

ಉತ್ತರ: ಎಷ್ಟೋ ಮನೆಗಳಲ್ಲಿ ಆಗುವ ತಪ್ಪು ಇದು. ಹೊರಗೆ ಬಿಸಿಲೇರಿದರೂ ಗೋಡೆ, ನೆಲಗಳಲ್ಲಿ ಚಳಿಗಾಲ ಇನ್ನೂ ಉಳಿದಿರುತ್ತದೆ. ಮಧ್ಯಾಹ್ನದ ಗಾಳಿ 25 ಡಿಗ್ರಿ, ತೇವಾಂಶ 60% ಎಂದುಕೊಳ್ಳಿ. ಸುಮಾರು 17 ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ಆ ಗಾಳಿ ತಾಗಿದರೂ ಅಲ್ಲಿ ನೀರು ಬೆವರುತ್ತದೆ. ಅದೇ ಬೆಳಗಿನ 12 ಡಿಗ್ರಿಯ ಗಾಳಿ, ಮೈಗೆ ಥಂಡಿ ಎನಿಸಿದರೂ, ಪ್ರತಿ ಘನಮೀಟರಿನಲ್ಲಿ ಹೊತ್ತಿರುವ ನೀರು ಕಡಿಮೆ. ಒಳಗೆ ಬಂದು ಬೆಚ್ಚಗಾದಂತೆ ತೇವ ಹೀರಿಕೊಳ್ಳುತ್ತದೆ. ಆದ್ದರಿಂದ ಮೊದಲ ವಾರ ಬೆಳಗ್ಗೆ ಎದುರುಬದುರು ಕಿಟಕಿಗಳನ್ನು ತೆರೆಯಿರಿ, ಸೆಕೆಯೇರುವ ಹೊತ್ತಿಗೆ ಮುಚ್ಚಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ. ನೂರಾರು ಮಾತಿಗಿಂತ ಒಂದು ಹೈಗ್ರೋಮೀಟರ್ ವಾಸಿ: ಒಳಗಿನ ತೇವಾಂಶ 60% ದಾಟದಿರಲಿ.

ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಕೋಣೆಯೆಲ್ಲ ಹಾರುತ್ತವೆ. ಎನ್-95 ಮಾಸ್ಕ್ ಹಾಕಿ, ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಅದರ ಮೇಲೆಯೇ ಬಣ್ಣ ಬಳಿದರೆ ದುಡ್ಡು ದಂಡ. ಇಲಿ ಹಿಕ್ಕೆಗೂ ಪೊರಕೆ ಬೇಡ. ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಕೈಗವಸು ಹಾಕಿ, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, ಐದು ನಿಮಿಷ ನೆನೆದ ಮೇಲೆ ಕಾಗದದಿಂದ ಎತ್ತಿ. ಬ್ಲೀಚಿನ ಜೊತೆ ಆಸಿಡ್ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ.

ಬಾಗಿಲಿನ ಅಂಚನ್ನು ಈಗಲೇ ಹೆರೆಸಬೇಡಿ. ಮರ ತೇವ ಹೀರಿ ಉಬ್ಬಿದೆ. ಮೂರು ವಾರ ಬಿಟ್ಟು ನೋಡಿ. ಅವಸರಪಟ್ಟು ಹೆರೆದ ಬಾಗಿಲು ಬೇಸಗೆಯಲ್ಲಿ ಬೆರಳಗಲ ಸಂದು ಬಿಡುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ತಿಳಿಯಾಗಿದ್ದ ಸರೋವರ ಈಗ ಕದಡಿದೆ, ವಾಸನೆಯೂ ಇದೆ. ಕೊಳಚೆ ಸೇರಿತೇ?

ಉತ್ತರ: ಮೇಲೆ ಮಂಜುಗಡ್ಡೆ ಕಟ್ಟುವ ಆಳದ ಸರೋವರವಾದರೆ ಹೆದರಬೇಡಿ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಮಂಜು ಕರಗಿ ಮೇಲಿನ ನೀರು ಆ ಮಟ್ಟಕ್ಕೆ ಬಂದಾಗ ಮೇಲೂ ಕೆಳಗೂ ತೂಕ ಒಂದೇ ಆಗುತ್ತದೆ; ಗಾಳಿ ಬೀಸಿದರೆ ಇಡೀ ಸರೋವರ ಮಗುಚಿ, ತಳದ ಕೆಸರು, ಗಂಧಕದ ವಾಸನೆ ಮೇಲೇಳುತ್ತವೆ. ಮೇಲಿನ ಪದರ ಬೆಚ್ಚಗಾಗಿ ಬೇರೆಯಾದಂತೆ ತಿಳಿಯಾಗುತ್ತದೆ. ಅಲ್ಲಿಯವರೆಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದರಿಂದ ಒಂದು ಬಿಡಿ ಇರಲಿ. ಆದರೆ ಹಸಿರು ಬಣ್ಣ ಚೆಲ್ಲಿದಂತೆ ದಡದಲ್ಲಿ ಕೆನೆಗಟ್ಟಿದ್ದರೆ ಅದು ಬೇರೆ ವಿಷಯ. ಅದು ನೀಲಿ-ಹಸಿರು ಪಾಚಿ ಇರಬಹುದು, ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ಮಕ್ಕಳನ್ನೂ ನಾಯಿಯನ್ನೂ ಆ ನೀರಿಗೆ ಇಳಿಸಬೇಡಿ.

ಪ್ರಶ್ನೆ: ಸಂಜೆಯಾದರೆ ದೀಪಕ್ಕೆ ಸಾವಿರಾರು ಸಣ್ಣ ಹುಳು. ಔಷಧಿ ಹೊಡೆಯಲೇ?

ಉತ್ತರ: ಬೇಡ. ಕೆರೆಯ ಕೆಸರಿನಿಂದ ಹೊರಬಂದ, ಕಚ್ಚದ ಹುಳುಗಳಾದರೆ ಅವು ಬೆಳೆದಮೇಲೆ ಬದುಕುವುದು ಕೆಲವೇ ದಿನ. ಮೀನಿಗೆ ಅವುಗಳ ಮರಿಗಳೇ ಆಹಾರ. ಕೆರೆಯ ಕಡೆಯ ಬಿಳಿ ಬಲ್ಬ್ ತೆಗೆದು ಹಳದಿ ಹಾಕಿ, ಮುಸ್ಸಂಜೆಯ ಎರಡು ಗಂಟೆ ಆ ಬದಿಯ ದೀಪ ಆರಿಸಿಡಿ.