ಜವಾಬ್ದಾರಿಯೋ, ಅಡ್ಡಗೋಡೆಯೋ? ಕಪ್ಪು ವರ್ಣೀಯ ಗಂಡಸರ ದುಡಿಮೆಯ ಲೆಕ್ಕ

ಪ್ರಶ್ನೆ: ನಾವು ಎರಡು ಸೂಟ್‌ಕೇಸ್ ಹಿಡಿದು ಅಮೆರಿಕಕ್ಕೆ ಬಂದವರು, ದುಡಿದು ಮನೆ ಮಾಡಿಕೊಂಡೆವು. ತಲೆಮಾರುಗಳಿಂದ ಇಲ್ಲೇ ಇರುವ ಆಫ್ರಿಕನ್-ಅಮೆರಿಕನ್ ಗಂಡಸರು ಯಾಕೆ ಹಿಂದುಳಿದಿದ್ದಾರೆ? ಸಮಾನತೆಯ ಕಾನೂನು ಬಂದು 60 ವರ್ಷವಾಯಿತು. ಇನ್ನಾದರೂ ಅದು ಅವರವರ ಜವಾಬ್ದಾರಿಯಲ್ಲವೇ?
– ಓದುಗರು, ಇಲಿನಾಯ್

ಉತ್ತರ: ಜವಾಬ್ದಾರಿ ಖಂಡಿತ ಇದೆ. ಆದರೆ ಅಷ್ಟೇ ಜವಾಬ್ದಾರಿಯಿಂದ ನಡೆದುಕೊಂಡವರಿಗೆಲ್ಲ ಅಷ್ಟೇ ಫಲ ಸಿಗುತ್ತದೆಯೇ? ಇದನ್ನು ಅಳೆದು ನೋಡಿದವರಿದ್ದಾರೆ. 2001ರಲ್ಲಿ ಸಮಾಜವಿಜ್ಞಾನಿ ಡೆವಾ ಪೇಜರ್ ಮಿಲ್ವಾಕಿ ನಗರದಲ್ಲಿ ನಾಲ್ವರು ಯುವಕರನ್ನು 350 ಕಡೆ ಕೆಲಸ ಕೇಳಲು ಕಳಿಸಿದರು. ಇಬ್ಬರು ಬಿಳಿಯರು ಒಂದು ಜೋಡಿ, ಇಬ್ಬರು ಕಪ್ಪು ವರ್ಣೀಯರು ಇನ್ನೊಂದು ಜೋಡಿ. ಓದು, ಅನುಭವ, ಮಾತುಗಾರಿಕೆ ಎಲ್ಲ ಸರಿಸಮ. ಪ್ರತಿ ಜೋಡಿಯಲ್ಲೂ ಒಬ್ಬ ಮಾತ್ರ, ಸರದಿಯ ಮೇಲೆ, ಮಾದಕವಸ್ತು ಪ್ರಕರಣದಲ್ಲಿ 18 ತಿಂಗಳು ಜೈಲಿನಲ್ಲಿದ್ದೆ ಎಂದು ಹೇಳಿಕೊಳ್ಳಬೇಕಿತ್ತು. ಕಳಂಕವಿಲ್ಲದ ಬಿಳಿಯನಿಗೆ ಶೇ 34ರಷ್ಟು ಕಡೆಗಳಿಂದ ಮರುಕರೆ ಬಂತು, ಜೈಲು ಕಂಡ ಬಿಳಿಯನಿಗೆ ಶೇ 17. ಯಾವ ತಪ್ಪೂ ಮಾಡದ ಕಪ್ಪು ಯುವಕನಿಗೆ ಶೇ 14, ಜೈಲು ಕಂಡ ಕಪ್ಪು ಯುವಕನಿಗೆ ಶೇ 5.

ನಡುವಿನ ಎರಡು ಸಂಖ್ಯೆಗಳನ್ನು ದಯವಿಟ್ಟು ಮತ್ತೊಮ್ಮೆ ಓದಿ. ಸರಿಯಾದ ದಾರಿಯಲ್ಲೇ ನಡೆದವನಿಗೆ, ಜೈಲಿಗೆ ಹೋಗಿಬಂದ ಬಿಳಿಯನಿಗೆ ಸಿಕ್ಕಷ್ಟೂ ಸಿಗಲಿಲ್ಲ. ಹಾಗೆಂದು ನಡತೆಗೆ ಬೆಲೆ ಇಲ್ಲವೆಂದಲ್ಲ. 14 ಹೋಗಿ 5 ಆಗುವುದು ದೊಡ್ಡ ನಷ್ಟ. ಬಿಳಿಯನ ಅವಕಾಶ ಅರ್ಧಕ್ಕೆ ಇಳಿದರೆ ಇವನದು ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿಯುತ್ತದೆ. ‘ಕೆಟ್ಟ ಸಹವಾಸ ಬೇಡ’ ಎಂಬ ಬುದ್ಧಿಮಾತು ಇವನಿಗೇ ಹೆಚ್ಚು ಅಗತ್ಯ. ಆ ಮಾತೊಂದೇ ಸಾಕು ಎನ್ನುವುದು ಮಾತ್ರ ತಪ್ಪು.

ಜೈಲಿನ ದಾಖಲೆಯೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಅಂಟಿದ್ದಲ್ಲ. 1986ರ ಫೆಡರಲ್ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್ (ಸೇದುವ ಹರಳು ರೂಪದ ಕೊಕೇನ್), ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು, ಮಾರಲು ಇಟ್ಟುಕೊಂಡಿದ್ದರೆ ಕನಿಷ್ಠ 5 ವರ್ಷ ಸೆರೆವಾಸ. ಪುಡಿ ಕೊಕೇನ್‌ಗೆ ಅದೇ ಶಿಕ್ಷೆ ಬೀಳಬೇಕಾದರೆ 500 ಗ್ರಾಂ ಬೇಕಿತ್ತು. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಯಾದವರಲ್ಲಿ ಬಹುಪಾಲು ಕಪ್ಪು ವರ್ಣೀಯರು. 2010ರಲ್ಲಿ 5 ಗ್ರಾಂನ ಮಿತಿ 28ಕ್ಕೆ ಏರಿತು. ಅಷ್ಟರಲ್ಲಿ ಒಂದು ತಲೆಮಾರಿನ ಯೌವನ ಜೈಲಿನಲ್ಲಿ ಕಳೆದಿತ್ತು.

ನಿಮ್ಮ ಎರಡು ಸೂಟ್‌ಕೇಸ್‌ನ ಮಾತಿಗೆ ಬರೋಣ. 1965ರ ವಲಸೆ ಕಾನೂನಿನಡಿ ಭಾರತದಿಂದ ಮೊದಲು ಬಂದವರಲ್ಲಿ ಅನೇಕರು ಓದಿದವರು, ನುರಿತವರು ಎಂಬ ಕಾರಣಕ್ಕೇ ಆಯ್ಕೆಯಾದವರು. ನಮ್ಮಲ್ಲಿ ಅನೇಕರ ಸೂಟ್‌ಕೇಸ್‌ನಲ್ಲಿ ಕರ್ನಾಟಕದ ಜನರ ತೆರಿಗೆ ಹಣದಿಂದ ನಡೆದ ಕಾಲೇಜಿನ ಪದವಿಯೂ ಇತ್ತು. ಕಪ್ಪು ವರ್ಣೀಯರ ಬಡಾವಣೆಗಳ ಕಥೆ ಬೇರೆ. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳೇ ಅವುಗಳಿಗೆ ಕೆಂಪು ಬಣ್ಣ ಬಳಿದು ‘ಸಾಲಕ್ಕೆ ಅಪಾಯ’ ಎಂದು ಗುರುತಿಸಿದವು. ವಸತಿ ತಾರತಮ್ಯವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಷ್ಟರೊಳಗೆ ಅಗ್ಗದ ಸಾಲದಲ್ಲಿ ಮನೆ ಕೊಂಡವರ ಮಕ್ಕಳಿಗೆ ಆಸ್ತಿ ಸೇರಿತು, ಉಳಿದವರಿಗೆ ಬಾಡಿಗೆ ಚೀಟಿ. 2022ರಲ್ಲಿ ಬಿಳಿ ಕುಟುಂಬಗಳ ಮಧ್ಯಾಂಕ ಸಂಪತ್ತು (ಸಂಪತ್ತಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಕುಟುಂಬದ್ದು) 2,85,000 ಡಾಲರ್, ಕಪ್ಪು ಕುಟುಂಬಗಳದು 44,900.

‘ಮನೆಯ ಸಂಸ್ಕಾರ ಸರಿಯಿಲ್ಲ’ ಎನ್ನುವವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಹ ಸಂಶೋಧಕರು 2018ರಲ್ಲಿ ಸುಮಾರು 2 ಕೋಟಿ ಮಕ್ಕಳ ದಾಖಲೆ ನೋಡಿದರು. ಹೆತ್ತವರ ಆದಾಯ ಒಂದೇ ಇದ್ದಾಗ, ಕಪ್ಪು ಹೆಣ್ಣುಮಕ್ಕಳು ದೊಡ್ಡವರಾಗಿ ಬಿಳಿ ಹೆಣ್ಣುಮಕ್ಕಳಷ್ಟೇ ಗಳಿಸುತ್ತಾರೆ. ಗಂಡುಮಕ್ಕಳು ಮಾತ್ರ ಬಿಳಿ ಗಂಡುಮಕ್ಕಳಿಗಿಂತ ಬಹಳ ಹಿಂದೆ ಬೀಳುತ್ತಾರೆ. ಸಂಸ್ಕಾರವೇ ಕಾರಣವಾಗಿದ್ದರೆ ಅದೇ ಮನೆಯ ಅಕ್ಕ ಹೇಗೆ ಪಾರಾದಳು? ಇನ್ನೊಂದು ಸಂಗತಿ ಇದೆ, ಜವಾಬ್ದಾರಿಯ ನಿಜವಾದ ಜಾಗ ಅಲ್ಲಿದೆ. ಕಪ್ಪು ತಂದೆಯರು ಹೆಚ್ಚಾಗಿ ಮನೆಯಲ್ಲಿರುವ ಬಡಾವಣೆಗಳಲ್ಲಿ, ಸ್ವಂತ ತಂದೆ ಜೊತೆಗಿಲ್ಲದ ಹುಡುಗರೂ ಮುಂದೆ ಹೆಚ್ಚು ಗಳಿಸುತ್ತಾರೆ. ಒಬ್ಬ ತಂದೆ ಮನೆಯಲ್ಲಿ ಉಳಿದರೆ ಇಡೀ ಬೀದಿಗೇ ಆಸರೆ. ಆ ತಂದೆಯನ್ನು ಸಣ್ಣ ಪ್ರಕರಣಕ್ಕೆ ವರ್ಷಗಟ್ಟಲೆ ಒಳಗೆ ಹಾಕಿದರೆ, ನಷ್ಟವೂ ಇಡೀ ಬೀದಿಗೇ.

ಪ್ರಶ್ನೆ: ಡೆಟ್ರಾಯಿಟ್‌ನಲ್ಲಿ ಸ್ವಯಂಸೇವಕನಾಗಿದ್ದೇನೆ. ಜೈಲಿನಿಂದ ಬಂದ ಒಬ್ಬರಿಗೆ ಮಕ್ಕಳ ಜೀವನಾಂಶದ ಬಾಕಿ ಬೆಟ್ಟದಷ್ಟಿದೆ. ಕೆಲಸ ಹಿಡಿಯುತ್ತಾರೆ, ಬಿಡುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೋರ್ಟಿನಿಂದ. ಮಿಷಿಗನ್‌ನಲ್ಲಿ ಮಕ್ಕಳ ಜೀವನಾಂಶದ ವ್ಯವಹಾರ ನೋಡಿಕೊಳ್ಳುವ, ಕೋರ್ಟಿನದೇ ಆದ ‘ಫ್ರೆಂಡ್ ಆಫ್ ದಿ ಕೋರ್ಟ್’ ಕಚೇರಿಗೆ ಈ ವಾರವೇ ಹೋಗಿ, ಈಗಿನ ಆದಾಯಕ್ಕೆ ತಕ್ಕಂತೆ ಮೊತ್ತ ಬದಲಿಸಲು ಅರ್ಜಿ ಹಾಕಿಸಿ. 1986ರ ಫೆಡರಲ್ ತಿದ್ದುಪಡಿಯಿಂದಾಗಿ ಹಳೆಯ ಬಾಕಿಯನ್ನು ಕೋರ್ಟ್ ಹಿಂದಿನಿಂದ ಇಳಿಸುವಂತಿಲ್ಲ. ಎದುರು ಪಕ್ಷಕ್ಕೆ ಅರ್ಜಿಯ ನೋಟಿಸ್ ಕೊಟ್ಟ ದಿನದಿಂದ ಮುಂದಕ್ಕಷ್ಟೇ ಇಳಿಕೆ ಸಾಧ್ಯ. ತಡ ಮಾಡಿದ ಪ್ರತಿ ವಾರವೂ ಸಾಲವಾಗಿ ಸೇರುತ್ತದೆ. ವಾರಕ್ಕೆ ಕೈಗೆ ಬರುವ 500 ಡಾಲರ್‌ನಲ್ಲಿ ಅರ್ಧ ಮುರಿದುಕೊಂಡರೆ ಉಳಿಯುವುದು 250. ಬಾಡಿಗೆಗೂ ಸಾಲದು. ಆಗಲೇ ಜನ ಸಂಬಳದ ಚೀಟಿ ಇಲ್ಲದ ಕೂಲಿಗೆ ಜಾರುವುದು. ಮಕ್ಕಳ ಮನೆಗೆ ಸರ್ಕಾರಿ ನೆರವು ಸಿಕ್ಕಿದ್ದರೆ, ಬಾಕಿಯಲ್ಲಿ ಸರ್ಕಾರಕ್ಕೆ ಸೇರಬೇಕಾದ ಪಾಲು ಎಷ್ಟೆಂದೂ ಕೇಳಿ. ಆ ಪಾಲನ್ನು ಮನ್ನಾ ಮಾಡುವ ಅಧಿಕಾರ ರಾಜ್ಯಕ್ಕಿದೆ.

ಆಮೇಲೆ ಅವರ ಅಪರಾಧ ದಾಖಲೆಯ ಪ್ರತಿ ತರಿಸಿ ಸಾಲುಸಾಲಾಗಿ ಓದಿ. ವಜಾ ಆದ ಕೇಸು, ಅದೇ ಹೆಸರಿನ ಬೇರೊಬ್ಬರ ಕೇಸು ಸೇರಿಕೊಂಡಿರುವುದುಂಟು. ಮಿಷಿಗನ್‌ನಲ್ಲಿ 2023ರ ಏಪ್ರಿಲ್‌ನಿಂದ ಕೆಲವು ಹಳೆಯ ಶಿಕ್ಷೆಗಳು ತಾವಾಗಿಯೇ ಅಳಿಸಿಹೋಗುತ್ತವೆ. ಸಣ್ಣ ಅಪರಾಧಕ್ಕೆ 7 ವರ್ಷ, ದೊಡ್ಡದಕ್ಕೆ 10 ವರ್ಷ ಕಳೆದಿರಬೇಕು. ಹಲ್ಲೆಯಂಥವು ಇದರಲ್ಲಿ ಸೇರುವುದಿಲ್ಲ. ಹಿನ್ನೆಲೆ ವರದಿ ನೋಡಿ ಕೆಲಸ ನಿರಾಕರಿಸುವುದಿದ್ದರೆ ಕಂಪನಿ ಮೊದಲು ಆ ವರದಿಯ ಪ್ರತಿ ಕೊಡಬೇಕು. ತಪ್ಪಿದ್ದರೆ ವರದಿ ಕೊಟ್ಟ ಸಂಸ್ಥೆಗೆ ಬರೆಯಿರಿ, ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಬೇಕು.

ಕೆಲಸ ಹುಡುಕಲು ನೆರವಾಗುವ ‘ಮಿಷಿಗನ್ ವರ್ಕ್ಸ್’ ಕಚೇರಿಯಲ್ಲಿ ಫೆಡರಲ್ ಬಾಂಡ್ ಬಗ್ಗೆ ವಿಚಾರಿಸಿ. 1966ರಿಂದ ಇರುವ ಯೋಜನೆ. ಕೆಲಸಗಾರ ಕದ್ದರೆ ಮಾಲೀಕರಿಗೆ 5,000 ಡಾಲರ್‌ವರೆಗೆ ಭರ್ತಿ, ಮೊದಲ 6 ತಿಂಗಳು ಯಾರೂ ಒಂದು ಪೈಸೆ ಕೊಡಬೇಕಿಲ್ಲ. ಬಾಂಡ್ ಸಿಗುವುದು ಕೆಲಸ ಖಾತ್ರಿಯಾಗಿ, ಸೇರುವ ದಿನ ಗೊತ್ತಾದ ಮೇಲೆಯೇ. ಆದರೆ ಅದರ ವಿವರವಿರುವ ಹಾಳೆಯನ್ನು ಸಂದರ್ಶನದ ಮೇಜಿನ ಮೇಲೆ ಅವರೇ ಇಡಲಿ, ಮಾಲೀಕರಲ್ಲಿ ಹೆಚ್ಚಿನವರಿಗೆ ಇದು ತಿಳಿದಿರುವುದಿಲ್ಲ.