ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹಾಯಿದೋಣಿ ಧಕ್ಕೆ ಬಿಡುವ ಮುನ್ನ

ಹಳೆಯ ಹಾಯಿದೋಣಿ ಕೊಂಡು ನಮ್ಮ ಕರಾವಳಿಯಲ್ಲಿ ಓಡಾಡುವ ಆಸೆ ಹೊತ್ತವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಮೂವರು ಗೆಳೆಯರು ಸೇರಿ 24 ಅಡಿಯ ಹಳೆಯ ಫೈಬರ್ ಹಾಯಿದೋಣಿ ತೆಗೆದುಕೊಂಡಿದ್ದೇವೆ. ಕೆರೆಯಲ್ಲಿ ಎರಡು ವಾರಾಂತ್ಯ ಕಲಿತದ್ದಾಗಿದೆ. ಡಿಸೆಂಬರ್ ರಜೆಯಲ್ಲಿ ಮಲ್ಪೆಯಿಂದ ಕಾರವಾರಕ್ಕೆ ಹೋಗುವ ಯೋಚನೆ. ದೂರ ಸುಮಾರು 95 ನಾಟಿಕಲ್ ಮೈಲು. ಗಂಟೆಗೆ ಐದು ಮೈಲು ಹಿಡಿದರೂ 19 ಗಂಟೆ. ಲೆಕ್ಕ ಸರಿ ತಾನೆ? (ಬೆಂಗಳೂರು)

ಭಾಗಾಕಾರ ಸರಿಯಿದೆ. ಗಾಳಿಯನ್ನು ಕೇಳಿಲ್ಲ ಅಷ್ಟೆ.

ಮಳೆಗಾಲ ಕಳೆದ ಮೇಲೆ ನಮ್ಮ ಕಡಲಲ್ಲಿ ಮಧ್ಯಾಹ್ನದ ಹೊತ್ತಿಗೆ ಏಳುವುದು ವಾಯವ್ಯದ ಗಾಳಿ. ಮಲ್ಪೆಯಲ್ಲಿ ನಿಂತವರಿಗೆ ಕಾರವಾರ ಇರುವುದೂ ಹೆಚ್ಚುಕಡಿಮೆ ಆ ಕಡೆಗೇ. ಹಾಯಿದೋಣಿ ಗಾಳಿಗೆ ನೇರ ಮುಖ ಕೊಟ್ಟು ಹೋಗಲಾರದು. 45 ಡಿಗ್ರಿ ಓರೆ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಾ ಏರಬೇಕು. ಹೀಗೆ 95 ಮೈಲು 130ರ ಹತ್ತಿರ ಬರುತ್ತದೆ. ಇನ್ನು ವೇಗ. ನೀರಿಗೆ ತಾಗುವ ಉದ್ದ 20 ಅಡಿಯಿದ್ದರೆ ಅಂಥ ದೋಣಿ ಹೆಚ್ಚೆಂದರೆ 6 ನಾಟ್, ಅಂದರೆ ಗಂಟೆಗೆ 6 ನಾಟಿಕಲ್ ಮೈಲು, ಓಡೀತು. ಎದುರು ಅಲೆಯಲ್ಲಿ, ಹೊಸಬರ ಕೈಯಲ್ಲಿ, ಮೂರೂವರೆ ಬಂದರೆ ದೊಡ್ಡದು. 130ನ್ನು ಮೂರೂವರೆಯಿಂದ ಭಾಗಿಸಿ: 37 ಗಂಟೆ. ನಡುವೆ ಗಾಳಿ ಬಿದ್ದುಹೋಗುವ ಹೊತ್ತನ್ನು ಇದರಲ್ಲಿ ಹಿಡಿದಿಲ್ಲ. ಅಂದರೆ ಒಂದು ರಾತ್ರಿ ಖಂಡಿತ ಕಡಲಲ್ಲೇ, ಎರಡೂ ಆಗಬಹುದು. ಕತ್ತಲಲ್ಲಿ ಟ್ರಾಲ್ ಬೋಟುಗಳು, ದೀಪವಿಲ್ಲದ ನಾಡದೋಣಿಗಳು, ಮೈಲುಗಟ್ಟಲೆ ಬಿಟ್ಟ ಬಲೆಗಳು. ಮೀನು ಹಿಡಿಯುತ್ತಿರುವ ಬೋಟಿಗೆ ದಾರಿ ಬಿಡಬೇಕಾದವರು ನೀವೇ. 'ಹಾಯಿಗೆ ಎಂಜಿನ್ ದಾರಿ ಬಿಡುತ್ತದೆ' ಎಂಬ ನಿಯಮ ಅಲ್ಲಿ ನಡೆಯುವುದಿಲ್ಲ. ಬಲೆಯೊಂದು ಚುಕ್ಕಾಣಿಗೆ ಸುತ್ತಿಕೊಂಡರೆ ನಿಮಗೆ ಒಂದು ರಾತ್ರಿ ಹೋಯಿತು, ಬಲೆಯವನಿಗೆ ಒಂದು ತಿಂಗಳ ದುಡಿಮೆ.

ಹೋಗಲೇಬೇಕೆಂದರೆ ಮೂಡುಗಾಳಿಯನ್ನು ಬಳಸಿಕೊಳ್ಳಿ. ಚಳಿಗಾಲದಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿಗೆ ತಂಪುಗಾಳಿ ಹರಿಯುತ್ತದೆ. ಇದು ದೋಣಿಯ ಮಗ್ಗುಲಿಗೆ ತಾಗುವುದರಿಂದ ಬಡಗು ಮುಖವಾಗಿ ನೇರ ಓಡಬಹುದು. ಐದಕ್ಕೆ ಹೊರಟರೆ ಹತ್ತರ ತನಕ ಸಿಗುತ್ತದೆ. ಆಮೇಲೆ ಗಾಳಿ ಸಾಯುತ್ತದೆ, ಮಧ್ಯಾಹ್ನ ತಿರುಗಿ ಬೀಳುತ್ತದೆ. ದಿನಕ್ಕೆ 20 ಮೈಲಿಗಿಂತ ಹೆಚ್ಚು ಆಸೆಪಡಬೇಡಿ. ಮಲ್ಪೆಯಿಂದ ಗಂಗೊಳ್ಳಿ 17 ಮೈಲು, ಅಲ್ಲಿಂದ ಭಟ್ಕಳ 20ರ ಮೇಲೆ ಸ್ವಲ್ಪ. ಅಲ್ಲಿಂದ ತದಡಿ 35. ಅಷ್ಟು ಒಂದೇ ದಿನಕ್ಕೆ ಆಗದು, ನಡುವೆ ಲಂಗರು ಹಾಕಬೇಕು. ಒಟ್ಟು ಆರೇಳು ದಿನ. ರಜೆ ಅಷ್ಟಿಲ್ಲವೆಂದರೆ ಇನ್ನೊಂದು ಉಪಾಯವಿದೆ, ಯಾರಿಗೂ ರುಚಿಸದ ಉಪಾಯ: ದೋಣಿಯನ್ನು ಲಾರಿ ಮೇಲೆ ಕಾರವಾರಕ್ಕೆ ಸಾಗಿಸಿ, ಅಲ್ಲಿಂದ ತೆಂಕಿಗೆ ಬನ್ನಿ. ಅದೇ ವಾಯವ್ಯ ಗಾಳಿ ಬೆನ್ನಿಗೆ ಬರುತ್ತದೆ. ಆದರೆ ಅರ್ಗಾ ಕಡೆ ನೌಕಾನೆಲೆಯ ನಿಷಿದ್ಧ ಪ್ರದೇಶವಿದೆ. ಅದರ ಗಡಿಯನ್ನು ಬಂದರು ಕಚೇರಿಯಲ್ಲಿ ಮೊದಲೇ ಕೇಳಿ ನಕ್ಷೆಯಲ್ಲಿ ಗೆರೆ ಎಳೆದುಕೊಳ್ಳಿ.

ಎರಡು ವಾರಾಂತ್ಯದ ಕೆರೆ ಕಲಿಕೆ ಇದಕ್ಕೆ ಸಾಲದು. ಮೊದಲು ಮಲ್ಪೆಯ ಎದುರಿನ ನೀರಲ್ಲೇ ಹತ್ತಿಪ್ಪತ್ತು ಸಲ ಹೋಗಿ ಬನ್ನಿ. ದೊಡ್ಡ ಹಾಯಿಯನ್ನು ಕಿರಿದು ಮಾಡುವ ಕೆಲಸ, ಅಂದರೆ ರೀಫ್, ಅಲೆಯ ಮೇಲೆ ಮೂರು ನಿಮಿಷದಲ್ಲಿ ಮುಗಿಯಬೇಕು. ಗಾಳಿ 10 ನಾಟಿನಿಂದ 20ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ದೂರದಲ್ಲಿ ಬಿಳಿನೊರೆ ಅಲ್ಲಲ್ಲಿ ಕಾಣುವಾಗಲೇ ರೀಫ್ ಮಾಡಿ. ದೋಣಿ ವಾಲಿ ನೀರು ಅಂಚಿಗೆ ಬಂದಮೇಲೆ ಹಗ್ಗ ಸಡಿಲಿಸಲು ಹೊಸಬರ ಕೈ ಏಳುವುದಿಲ್ಲ.

ನದಿಯೊಳಗೆ ದೋಣಿ ಕಟ್ಟಿಕೊಂಡಿದ್ದೇನೆ. ಹೊರಗೆ ಕಡಲು ಶಾಂತವಾಗಿದ್ದರೂ ಅಳಿವೆಯಲ್ಲಿ ಅಲೆ ಒಡೆಯುತ್ತದೆ. ಎಂಜಿನ್ ಜೋರು ಮಾಡಿ ನುಗ್ಗಬಹುದೆ? (ಕುಂದಾಪುರ)

ನುಗ್ಗಬೇಡಿ. ಹೊಸಬರು ಹೆದರುವುದು ಆಳಕ್ಕೆ. ನಿಜವಾಗಿ ಹೆದರಬೇಕಾದದ್ದು ಆಳವಿಲ್ಲದ ಕಡೆಗೆ.

ಅಳಿವೆಯ ಬಾಯಲ್ಲಿ ನದಿ ತಂದ ಮರಳು ದಿಬ್ಬವಾಗಿ ಕೂತಿರುತ್ತದೆ, ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಹೋದ ವರ್ಷದ ಜಿಪಿಎಸ್ ಗೆರೆ ಈ ವರ್ಷ ಮರಳಿಗೆ ಕರೆದೊಯ್ಯಬಹುದು. ಇಳಿತದ ಹೊತ್ತಿಗೆ ನದಿಯ ಸೆಳೆತ ಹೊರಗೆ, ಕಡಲಿನ ಉಬ್ಬು ಒಳಗೆ. ಎರಡೂ ಗುದ್ದಾಡಿ ಅಲೆ ಗಿಡ್ಡಗಾಗಿ, ಕಡಿದಾಗಿ ನಿಲ್ಲುತ್ತದೆ. ಆದ್ದರಿಂದ ದಾಟುವ ಹೊತ್ತು ಉಬ್ಬರದ ಕೊನೆಯ ಒಂದು ಗಂಟೆ. ನೀರೂ ಹೆಚ್ಚಿರುತ್ತದೆ, ಸೆಳೆತವೂ ಸತ್ತಿರುತ್ತದೆ. ನಮ್ಮಲ್ಲಿ ಉಬ್ಬರ ಇಳಿತದ ಅಂತರ ಒಂದೂವರೆ, ಎರಡು ಮೀಟರಿನ ಒಳಗೇ. ಆದರೂ ದಿಬ್ಬದ ಮೇಲೆ ಅದೇ ಮೀಟರು ನಿಮ್ಮ ಜೀವ.

ಹೊರಡುವ ಮೊದಲು ದಡದಲ್ಲಿ ನಿಂತು ಇಪ್ಪತ್ತು ನಿಮಿಷ ಸುಮ್ಮನೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಹಿಂದೆಯೇ ಒಂದು ಬಿಡುವು ಇರುತ್ತದೆ. ಎಷ್ಟು ಅಲೆಗೊಂದು ಬಿಡುವು, ಬಿಡುವು ಎಷ್ಟು ಹೊತ್ತು ಎಂದು ಎಣಿಸಿ. ಆ ಬಂದರಿನ ತಾಂಡೇಲರು, ಅಂದರೆ ಮೀನುದೋಣಿ ನಡೆಸುವವರು, ಯಾವ ಗೆರೆ ಹಿಡಿದು ಹೋಗುತ್ತಾರೆಂದು ನೋಡಿ, ಕೇಳಿ. ಅವರು ಆಳವನ್ನು ಮಾರಿನ ಲೆಕ್ಕದಲ್ಲಿ ಹೇಳಿದರೆ ಒಂದು ಮಾರಿಗೆ ಆರಡಿ ಎಂದು ಹಿಡಿಯಿರಿ. ಅವರೇ ಹೊರಡದೆ ಬೀಡಿ ಸೇದುತ್ತಾ ಕೂತಿದ್ದಾರೆಂದರೆ ನಿಮಗೂ ಆ ದಿನ ಕೆಲಸವಿಲ್ಲ.

ಹೋಗುವಾಗ ಬಾಗಿಲು, ಕಿಟಕಿ ಮುಚ್ಚಿ, ಎಲ್ಲರೂ ಲೈಫ್ ಜಾಕೆಟ್ ಕಟ್ಟಿಕೊಂಡಿರಬೇಕು. ಲಂಗರು ಮುಂದೆ ಬಿಚ್ಚಿಟ್ಟು ಸಿದ್ಧವಿರಬೇಕು. ಏಕೆಂದರೆ ಎಂಜಿನ್ ನಿಲ್ಲುವುದು ಇಲ್ಲೇ. ಇದು ಗ್ರಹಚಾರವಲ್ಲ. ತಿಂಗಳುಗಟ್ಟಲೆ ಟ್ಯಾಂಕಿನ ತಳದಲ್ಲಿ ಕೂತ ನೀರು, ಕೆಸರು ಮೊದಲ ದೊಡ್ಡ ಅಲೆಗೆ ಕಲಕಿ ಮೇಲೆದ್ದು ಫಿಲ್ಟರಿಗೆ ಹೋಗುತ್ತದೆ. ಹಿಂದಿನ ದಿನವೇ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಅರ್ಧ ಗಂಟೆ ಇಡಿ. ನೀರಿದ್ದರೆ ಅಡಿಯಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಬಿಚ್ಚಲು ಮರೆತರೆ ಎಂಜಿನ್ ಚೆನ್ನಾಗಿ ಶುರುವಾಗಿ ಕೆಲವೇ ನಿಮಿಷಕ್ಕೆ ಉಸಿರುಗಟ್ಟುತ್ತದೆ, ಅಂದರೆ ಸರಿಯಾಗಿ ಅಳಿವೆಯ ನಡುವೆ. ಇಂಧನವನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು.

ದಿಬ್ಬದ ಮೇಲೆ ಹೆದರಿ ತಿರುಗಿಸಬೇಡಿ. ಮಗ್ಗುಲು ಕೊಟ್ಟ ದೋಣಿಯನ್ನು ಅಲೆ ಮಗುಚುತ್ತದೆ. ಮರಳಿ ಬರುವುದು ಹೋಗುವುದಕ್ಕಿಂತ ಕಷ್ಟ: ಹೊರಗಿನಿಂದ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಒಡೆಯುವ ಮುಖ ಕಾಣುವುದಿಲ್ಲ. ಅನುಮಾನ ಬಂದರೆ ಮುಂದಿನ ಉಬ್ಬರದ ತನಕ ಹೊರಗೇ ಇರಿ. ಅದಕ್ಕಾಗಿಯೇ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಒಂದು ದಿನದ ಹೆಚ್ಚುವರಿ ನೀರು ಇರಬೇಕೆನ್ನುವುದು.

24 ಅಡಿ ದೋಣಿಯಲ್ಲಿ ಮನೆಮಂದಿ ಎಂಟು ಜನ ಹೋಗಬಹುದೆ? (ಮಂಗಳೂರು)

ಬೇಡ. ನಾಲ್ವರು ಸಾಕು, ಅದರಲ್ಲಿ ಇಬ್ಬರಿಗೆ ದೋಣಿ ನಡೆಸಲು ಬರಬೇಕು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದು ದಡ ಕಾಣುವ ದೂರದ ಪ್ರಯಾಣ.

ಅಂಗಡಿಯಲ್ಲಿ ಸಿಗುವ ಕಿತ್ತಳೆ ಬಣ್ಣದ ಅಗ್ಗದ ಲೈಫ್ ಜಾಕೆಟ್ ಸಾಕೆ? (ಶಿವಮೊಗ್ಗ)

ಬೆಲೆ ಬಿಡಿ, ಒಳಗಿನ ಚೀಟಿ ಓದಿ. ತೇಲಿಸುವ ಬಲ 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ. ಕಡಲಿಗೆ 150 ಬೇಕು. ಎಚ್ಚರ ತಪ್ಪಿದವರನ್ನೂ ಅಂಗಾತ ಮಾಡಿ ಬಾಯಿ ನೀರಿನ ಮೇಲಿರಿಸುವಂತೆ ಮಾಡಿರುವುದು ಅದನ್ನೇ. ತೊಡೆಸಂದಿಯ ಪಟ್ಟಿ ಇಲ್ಲದಿದ್ದರೆ ಹೊಲಿಸಿಕೊಳ್ಳಿ. ಇಲ್ಲವಾದರೆ ನೀರಿಗೆ ಬಿದ್ದೊಡನೆ ಜಾಕೆಟ್ ಕಿವಿಯ ತನಕ ಏರಿ, ಆಸಾಮಿ ಕೆಳಗೆ ಜಾರುತ್ತಾನೆ. ತಾನಾಗಿ ಊದಿಕೊಳ್ಳುವ ಬಗೆಯದಾದರೆ ಗ್ಯಾಸ್ ಸಿಲಿಂಡರನ್ನು ಬಿಚ್ಚಿ ತೂಗಿ, ಅದರ ಮೇಲೆ ಕೆತ್ತಿದ ತೂಕಕ್ಕೆ ತಾಳೆ ನೋಡಿ. ನೀರು ತಾಗಿದೊಡನೆ ಕರಗಿ ಜಾಕೆಟ್ ಊದಿಸುವ ಒಳಗಿನ ಬಿಲ್ಲೆಗೆ ಅವಧಿಯಿದೆ. ಕರಾವಳಿಯ ಮಳೆಗಾಲದ ತೇವಕ್ಕೇ ಅದು ಕೆಡುವುದುಂಟು.

ಜಾಕೆಟ್ ಇದೆಯೆಂದು ಬೀಳಬಹುದೆಂದಲ್ಲ. ಐದು ನಾಟಿನಲ್ಲಿ ದೋಣಿ ನಿಮಿಷಕ್ಕೆ 150 ಮೀಟರು ಮುಂದೆ ಹೋಗಿರುತ್ತದೆ, ಮೀಟರೆತ್ತರದ ಅಲೆಯ ನಡುವೆ ಕಾಣುವುದು ತೆಂಗಿನಕಾಯಿಯಷ್ಟು ತಲೆ. ಒಬ್ಬರ ಕೆಲಸ ಬಿದ್ದವರತ್ತ ಬೆರಳು ತೋರಿಸುತ್ತಾ ನಿಲ್ಲುವುದು ಮಾತ್ರ, ಕಣ್ಣು ಕದಲಿಸದೆ.

ಮೊಬೈಲ್ ಇದ್ದರೆ ಸಾಲದೆ? (ಹುಬ್ಬಳ್ಳಿ)

ದಡದ ಹತ್ತಿರ ಸಾಕು. ಕೋಸ್ಟ್‌ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಸಿಗ್ನಲ್ ಹೋದ ಮೇಲೆ ವಿಎಚ್‌ಎಫ್ ರೇಡಿಯೊ ಬೇಕು, ಅದರ ಪರವಾನಗಿಯೂ ಬೇಕು. ಕೈಯಲ್ಲಿ ಹಿಡಿಯುವ 5 ವ್ಯಾಟಿನ ಸೆಟ್ಟು ಇನ್ನೊಂದು ಸಣ್ಣ ದೋಣಿಗೆ ಐದು ಮೈಲಿನಾಚೆ ಕೇಳಿಸುವುದಿಲ್ಲ. ಚಾನೆಲ್ 16ರಲ್ಲಿ 'ಮೇಡೇ' ಮೂರು ಸಲ, ದೋಣಿಯ ಹೆಸರು ಮೂರು ಸಲ, ಇರುವ ಜಾಗ, ಆದದ್ದೇನು, ಎಷ್ಟು ಜನ. ಜಾಗವನ್ನು ಮೊದಲೇ ಹೇಳಿಬಿಡಿ. ಬ್ಯಾಟರಿ ಮುಳುಗಿದರೂ ಅದೊಂದು ತಲುಪಿರುತ್ತದೆ.

ದೂರ ಹೋಗುವವರಿಗೆ 406 ಮೆಗಾಹರ್ಟ್ಸಿನ ತುರ್ತು ಬೀಕನ್. ಇದರ ಕೂಗು ಉಪಗ್ರಹದಿಂದ ಬಂದು ಬೀಳುವುದು ನಮ್ಮ ಪೀಣ್ಯದಲ್ಲಿ: ಇಸ್ರೋದ ಇಸ್ಟ್ರಾಕ್ ಆವರಣದ ಕೇಂದ್ರಕ್ಕೆ. ಅಲ್ಲಿಂದ ಕೋಸ್ಟ್‌ಗಾರ್ಡಿಗೆ. ಬೀಕನ್ ನೋಂದಾಯಿಸಿರದಿದ್ದರೆ ಅವರಿಗೆ ಒಂದು ಅಂಕಿ ಮಾತ್ರ ಕಾಣುತ್ತದೆ, ಯಾರ ಮನೆಗೆ ಫೋನ್ ಮಾಡಬೇಕೆಂದು ಗೊತ್ತಾಗುವುದಿಲ್ಲ.

ದೋಣಿಯೊಳಗೆ ನೀರು ಬರತೊಡಗಿದರೆ ಮೊದಲು ಏನು ಮಾಡಬೇಕು? (ಅಂಕೋಲಾ)

ಪಂಪಿಗೆ ಒಬ್ಬರು, ಉಳಿದವರು ತೂತು ಹುಡುಕಬೇಕು. ನೀರಿನಡಿ ಎರಡಡಿ ಆಳದಲ್ಲಿ ಒಂದೂವರೆ ಇಂಚಿನ ಪೈಪು ಕಳಚಿದರೆ ನಿಮಿಷಕ್ಕೆ 150 ಲೀಟರಿನ ಆಸುಪಾಸು ನುಗ್ಗುತ್ತದೆ. ಬಕೆಟ್ ಅದಕ್ಕೆ ಸಮವಲ್ಲ. ಆದ್ದರಿಂದ ದೋಣಿಯ ಹೊಟ್ಟೆಯಲ್ಲಿರುವ ಪ್ರತಿ ತೂತಿನ ವಾಲ್ವಿಗೂ ಅದರದೇ ಅಳತೆಯ ಮೆದುಮರದ ಬಿರಡೆಯನ್ನು ದಾರದಲ್ಲಿ ಕಟ್ಟಿಡಿ. ಕತ್ತಲಲ್ಲಿ, ಮೊಣಕಾಲುದ್ದ ನೀರಲ್ಲಿ, ಡಬ್ಬಿಯೊಳಗಿನ ಬಿರಡೆ ಕೈಗೆ ಸಿಗದು. ಹಳೆ ದೋಣಿಯ ವಾಲ್ವುಗಳು ತಿರುಗುತ್ತವೆಯೇ ಎಂದು ಈಗಲೇ ನೋಡಿ. ಪ್ರತಿ ಪೈಪಿಗೂ ಎರಡು ಸ್ಟೀಲ್ ಕ್ಲಿಪ್. ನೀರು ಬರುವುದು ಎಲ್ಲಿಂದ ಎಂದು ತಿಳಿಯದಿದ್ದರೆ ನಾಲಗೆಗೆ ಹಚ್ಚಿ: ಸಿಹಿಯಾದರೆ ಒಡೆದದ್ದು ನಿಮ್ಮ ಕುಡಿಯುವ ನೀರಿನ ಟ್ಯಾಂಕು.

ಏನೂ ಗೊತ್ತಿಲ್ಲದವರೇ ಪ್ರಪಂಚ ಸುತ್ತಿದ ವಿಡಿಯೊಗಳಿವೆ. ನೀವು ಬರೀ ಹೆದರಿಸುತ್ತೀರಿ. (ಮೈಸೂರು)

ಸುತ್ತಿದವರು ವಿಡಿಯೊ ಮಾಡುತ್ತಾರೆ, ಉಳಿದವರು ಮಾಡುವುದಿಲ್ಲ. 1968ರಲ್ಲಿ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯವೊಂದು ನಡೆಯಿತು. ಗೆದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ವೃತ್ತಿಯಿಂದ ನಾವಿಕ. ಮುಂಬೈಯಲ್ಲಿ ತೇಗದಲ್ಲಿ ಕಟ್ಟಿದ ಅವರ 'ಸುಹೇಲಿ'ಯನ್ನು ಮೊದಲೇ ಇಂಗ್ಲೆಂಡಿಗೆ ನಡೆಸಿ ಅದರ ಗುಣ ಅರಿತಿದ್ದರು. ಹೊರಡಲು ಕೊನೆಯ ದಿನ ಅಕ್ಟೋಬರ್ 31. ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ವಾರಾಂತ್ಯದ ಹವ್ಯಾಸಿ ಅದೇ ದಿನ, ಅರೆಬರೆ ಸಿದ್ಧವಾದ ದೋಣಿಯಲ್ಲಿ ಹೊರಟರು. ಮನೆ, ವ್ಯಾಪಾರ ಎಲ್ಲ ಒತ್ತೆಯಿದ್ದುದರಿಂದ ಹಿಂತಿರುಗಲೂ ಆಗಲಿಲ್ಲ. ಸುಳ್ಳು ಸ್ಥಾನ ವರದಿ ಮಾಡುತ್ತಾ ಅಟ್ಲಾಂಟಿಕ್‌ನಲ್ಲೇ ಅಲೆದರು. 1969ರ ಜುಲೈಯಲ್ಲಿ ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ನಿಮ್ಮ ಗುಂಪಿನಲ್ಲೂ 'ರಜೆ ಮುಗಿಯುತ್ತದೆ' ಎನ್ನುವವರು ಒಬ್ಬರಿರುತ್ತಾರೆ.

ಇನ್ನೊಂದು ಬದಿಯೂ ಇದೆ. ನೌಕಾಪಡೆಯ ಅಭಿಲಾಷ್ ಟಾಮಿ ಅದಾಗಲೇ ಒಬ್ಬರೇ ಪ್ರಪಂಚ ಸುತ್ತಿದ್ದವರು. 2018ರ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದಲ್ಲಿ ದೋಣಿ ಉರುಳಿ, ಹಾಯಿ ಹೊತ್ತ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಯಿತು. ಸಾಧನಗಳು ಕೈಯಳತೆಯಲ್ಲಿದ್ದುದರಿಂದ ಸಂದೇಶ ಹೋಯಿತು; 24ರಂದು ಫ್ರಾನ್ಸಿನ 'ಒಸಿರಿಸ್' ಎತ್ತಿಕೊಂಡಿತು. ತಯಾರಿ ಇದ್ದವರನ್ನು ಎತ್ತಲೂ ಮೂರು ದಿನ ಹಿಡಿಯಿತು.

ಮಗ ಹಟ ಹಿಡಿದಿದ್ದಾನೆ, ಹೋಗಿಯೇ ಹೋಗುತ್ತಾನೆ. ಮನೆಯಲ್ಲಿರುವ ನಾನೇನು ಮಾಡಬಹುದು? (ಒಬ್ಬ ತಾಯಿ, ಸಾಗರ)

ಅಮ್ಮಾ, ಅವನಿಂದ ಒಂದು ಹಾಳೆ ಬರೆಸಿಕೊಳ್ಳಿ. ದೋಣಿಯ ಹೆಸರು, ನೋಂದಣಿ ಸಂಖ್ಯೆ, ಮೈಬಣ್ಣ, ಹಾಯಿಯ ಬಣ್ಣ, ಒಂದು ಫೋಟೊ. ಎಷ್ಟು ಜನ, ಎಲ್ಲರ ಫೋನು. ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ ತಲುಪಬೇಕು. ಕೊನೆಗೆ ಒಂದು ಗಡುವು: 'ಇಷ್ಟು ಗಂಟೆಯ ತನಕ ನನ್ನ ಸುದ್ದಿ ಬರದಿದ್ದರೆ ಫೋನ್ ಮಾಡು.' ತಲುಪುವ ಹೊತ್ತಿಗೆ ಮೂರು ಗಂಟೆ ಕೂಡಿಸಿ, ಆದರೆ ಕತ್ತಲಾಗುವ ಮುಂಚೆಯೇ ಮುಗಿಯುವಂತಿರಲಿ. ಗಡುವು ಮೀರಿದರೆ ನೆಂಟರನ್ನು ಕೇಳುತ್ತಾ ಕೂರದೆ 1554ಕ್ಕೆ ಮಾಡಿ, ಹಾಳೆಯಲ್ಲಿದ್ದದ್ದನ್ನು ಹಾಗೆಯೇ ಓದಿ.

ಅವನಿಂದ ಇನ್ನೊಂದು ಮಾತು ತೆಗೆದುಕೊಳ್ಳಿ: ದಡ ಮುಟ್ಟಿದೊಡನೆ, ಚಹಾ ಕುಡಿಯುವ ಮೊದಲು, ನಿಮಗೆ ಫೋನ್ ಮಾಡಬೇಕು. ಇಲ್ಲದಿದ್ದರೆ ಅವನು ಹೋಟೆಲಿನಲ್ಲಿ ಕೂತು ಮೀನು ಊಟ ಮಾಡುತ್ತಿರುವಾಗ ಕೋಸ್ಟ್‌ಗಾರ್ಡಿನ ದೋಣಿ ಅವನನ್ನು ಕತ್ತಲಲ್ಲಿ ಹುಡುಕುತ್ತಿರುತ್ತದೆ.